ವ್ಯವಸಾಯ ಅಂತ ಬರೆಸಿದ ಗಾರೆ ತಿಮ್ಮರಾಜು

ಕೊಡಿಗೇನಹಳ್ಳಿಯ ತಿಮ್ಮರಾಜುಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಊರುಗೋಲು ಊರಿಕೊಂಡು ಬಾಗಿಲಿಗೂ ಜಗುಲಿಗೂ ಅಲೆಯುತ್ತಾನೆ. ಮನೆ ಕಟ್ಟುವಾಗ ಸಾರವೆ ಮೇಲಿಂದ ಬಿದ್ದು ಬಲಗಾಲು ಹೋಗಿ ವರ್ಷವಾಯಿತು. ಕಟ್ಟಡ ಕಾರ್ಮಿಕರಿಗೆ ಸಿಗುವ ಅಂಗವಿಕಲ ಪಿಂಚಣಿಗೆ ಹಾಕಿದ್ದ ಅರ್ಜಿ ನಿನ್ನೆ ವಾಪಸ್ ಬಂದಿದೆ.

"ಕಾಲಿಲ್ದಿರೋದು ಕಣ್ಣಿಗೆ ಕಾಣಕ್ಕಿಲ್ವಾ ಅವ್ರಿಗೆ? ಇನ್ನ ನಾನು ಅತ್ಲಾಗ್ ಹೋಗಕ್ಕಿಲ್ಲ ಬುಡು!" ಎಂದು ಹೆಂಡತಿ ಲೋಹಿತಾ ಮೇಲೆ ರೇಗಿದ.

ಅಷ್ಟರಲ್ಲಿ ಭವ್ಯ ಬಂದಳು. ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವಳು. ಅರ್ಜಿ ಬಿಡಿಸಿ ನೋಡಿದರೆ, ಕೆಲಸ ಎಂಬಲ್ಲಿ 'ವ್ಯವಸಾಯ' ಎಂದಿತ್ತು.

"ಅಣ್ಣಾ, ಈ ಸಲ ರಾಗಿ ಹೆಂಗ್ ಬಂತು?"

"ನಂಗೇನ್ ಗೊತ್ತಮ್ಮ? ಹೊಲ ನಮ್ಮಣ್ಣ ನೋಡ್ಕೊಂತಾನೆ."

"ಮತ್ತೆ ವ್ಯವಸಾಯ ಅಂತ ಯಾಕ್ ಬರೆಸಿದ್ರಿ?"

"ನಮ್ಮಪ್ಪ, ನಮ್ತಾತ ಎಲ್ಲಾ ಬೇಸಾಯದೋರು ಕಣಮ್ಮ. ಯಾರ್ ಕೇಳಿದ್ರೂ ಅಂಗೇ ಹೇಳೋದು. ಗಾರೆ ಕೆಲ್ಸ ಹೊಟ್ಟೆಪಾಡು, ಅದನ್ನೇನ್ ಬರೆಸೋದು?"

ನೋಡಿ, ನಮ್ಮ ಕಡೆಯವರ ರೋಗವೇ ಇದು! ನೇಗಿಲು ಮುಟ್ಟಿ ಇಪ್ಪತ್ತು ವರ್ಷವಾದರೂ ಬಾಯಿಗೆ ಬರುವುದು ವ್ಯವಸಾಯವೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಲೋಹಿತಾಗೆ ತಡೆಯಲಾಗಲಿಲ್ಲ. "ಹದಿನೆಂಟು ವರ್ಸ ಬುತ್ತಿ ಕಟ್ಟಿಸ್ಕೊಂಡು, ಕರಣೆ ಹಿಡ್ಕೊಂಡು ಹೋಗಿದ್ದು ಎಲ್ಲಿಗೆ? ನಿಮ್ ಕಾಲು ಹೋಗಿದ್ದು ಹೊಲದಾಗೋ, ಸಾರವೆ ಮೇಲಿಂದ್ಲೋ?" ಎನ್ನುತ್ತಾ ಅತ್ತೇಬಿಟ್ಟಳು.

ತಿಮ್ಮರಾಜು ಊರುಗೋಲು ಗೋಡೆಗೆ ಒರಗಿಸಿ ಜಗುಲಿ ಮೇಲೆ ಕೂತ.

"ಕಾರ್ಮಿಕರ ಕಾರ್ಡಲ್ಲಿ ಗಾರೆ, ಅರ್ಜೀಲಿ ವ್ಯವಸಾಯ. ತಾಳೆ ಆಗ್ಬೇಕಲ್ಲಣ್ಣ? ಕಾರ್ಡ್ ರಿನೀವಲ್ ಆಗೈತಾ?" ಎಂದಳು ಭವ್ಯ.

"ಬೀಳಕ್ ಮುಂಚೇನೇ ಮಾಡಿಸಿದ್ದೆ."

"ಸದ್ಯ! ಎಲ್ಲೆಲ್ಲಿ, ಎಷ್ಟು ದಿನ ಕೆಲ್ಸ ಮಾಡಿದ್ರಿ ಅಂತ ಮೇಸ್ತ್ರಿ ಹಾಲೇಶಣ್ಣನ ಕೈಲಿ ಬರೆಸ್ಕೊಂಡು ಬನ್ನಿ. ಆಸ್ಪತ್ರೆ ಚೀಟಿ, ಅಂಗವಿಕಲರ ಕಾರ್ಡೂ ಇರ್ಲಿ."

"ಮತ್ತೂ ವಾಪಸ್ ಬಂದ್ರೆ?"

"ಯಾಕೆ ಅಂತ ನಾನೇ ಬಂದು ಕೇಳ್ತೀನಿ. ನೀವೇ ಗಾರೆಯೋನಲ್ಲ ಅಂತ ಬರೆಸಿದ್ರೆ ನಾನೇನಂತ ಕೇಳ್ಲಿ?"

ವಾರ ಕಳೆದು ಗಂಡ ಹೆಂಡತಿ ಮಧುಗಿರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ನಿಂತಿದ್ದರು. ಹೊಸ ಅರ್ಜಿ, ಮೇಸ್ತ್ರಿ ಬರೆದುಕೊಟ್ಟ ಚೀಟಿ, ಕಾರ್ಡುಗಳು ಲೋಹಿತಾಳ ಕೈಲಿದ್ದವು.

"ಏನ್ ಕೆಲಸ?" ಗುಮಾಸ್ತರು ಕೇಳಿದರು.

"ವ್ಯವ..."

ಲೋಹಿತಾ ಚಿವುಟಿದಳು.

"ಗಾರೆ ಕೆಲ್ಸ ಸಾರ್! ಹದಿನೆಂಟು ವರ್ಸ! ನಿಮ್ ಹಿಂದಿರೋ ಆ ಗೋಡೇನೂ ನಾನೇ ಕಟ್ಟಿದ್ದು!"

ಗುಮಾಸ್ತರು ತಿರುಗಿ ಗೋಡೆ ನೋಡಿದರು. ಆಮೇಲೆ 'ಗಾರೆ ಕೆಲಸ' ಎಂದು ಬರೆದುಕೊಂಡರು.

ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ದುಡಿದು ದುಡಿದು, ಕೇಳಿದರೆ "ಮನೇಲೇ ಇದೀನಿ" ಎನ್ನುವವರು ಇದ್ದಾರಾ? ಮಾಡಿದ ಕೆಲಸವನ್ನೇ ಹೇಳಿ, ಅದನ್ನೇ ಬರೆಸಿ. ಕೈಕಾಲು ಗಟ್ಟಿ ಇರುವಾಗಲೇ ಕಾರ್ಡ್ ಮಾಡಿಸಿ, ಮೇಸ್ತ್ರಿಯ ಚೀಟಿ ಜೋಪಾನ ಮಾಡಿ. ನಿಮ್ಮ ದುಡಿಮೆಯನ್ನು ನೀವೇ ಮುಚ್ಚಿಟ್ಟರೆ, ಇನ್ನು ಯಾರು ಹೇಳಬೇಕು?