ಕೆಮ್ಮಿನ ಗುಂಡಿ

ಮಂತ್ರಿಯ ಕೋಣೆಯ ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಅದರಲ್ಲಿ ಕೂತವನು ಯಾವುದಕ್ಕೂ ಇಲ್ಲ ಅನ್ನುವ ಹಾಗಿರಲಿಲ್ಲ. ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಏಳಬೇಕಾದರೆ ಎದುರಿಗಿದ್ದವನೇ ಕೈಕೊಟ್ಟು ಎಬ್ಬಿಸಬೇಕು. ಕಂಡಕ್ಟರ್ ಅದರ ಅಂಚಿನಲ್ಲಿ, ಸೀಟು ಸಿಗದವನು ಇಂಜಿನ್ ಮೇಲೆ ಕೂರುವಂತೆ ಕೂತ.

ಅವನನ್ನು ಎಲ್ಲರೂ ಕರೆಯುವುದು ಕಂಡಕ್ಟರ್ ಎಂದೇ. ದೇಶದ ಒಂದು ಮೂಲೆಯಲ್ಲಿ, ಬೇರೆಯವರಿಗೆ ಅರ್ಥವಾಗದ ಭಾಷೆಯಾಡುವ ಸಣ್ಣ ಸೀಮೆಯಿಂದ ಗೆದ್ದು ಸಂಸತ್ತಿಗೆ ಬಂದವನು. ಅದಕ್ಕೂ ಮೊದಲು ಅದೇ ಸೀಮೆಯ ಬಸ್ಸುಗಳಲ್ಲಿ ಟಿಕೆಟ್ ಹರಿದವನು. ಊರಿನವರು ಹಾಗೆ ಕರೆಯುವುದು ಸಲುಗೆಗೆ. ಇಲ್ಲಿಯವರು ಕರೆಯುವುದು ಯಾತಕ್ಕೆ ಎಂದು ಅವನಿಗೆ ಗೊತ್ತಿತ್ತು.

"ನೋಡಿ ಕಂಡಕ್ಟರೇ," ಪ್ರಸಾರ ಖಾತೆಯ ಮಂತ್ರಿ ಟೀ ಕಪ್ಪು ಮುಂದಕ್ಕೆ ತಳ್ಳಿದ. "ನಿಮ್ಮ ಭಾಷೆಯ ಸಂಜೆ ವಾರ್ತೆ ಅರ್ಧ ಗಂಟೆ ಇದೆ. ಹೊಸ ಮಸೂದೆಲಿ ಅದು ಐದು ನಿಮಿಷ ಆಗುತ್ತೆ. ನನಗೂ ಬೇಜಾರೇ. ಆದ್ರೆ ಪ್ರಾರ್ಥನೆ ಕಲಂ ಇದೆಯಲ್ಲ, ಎಲ್ಲಾ ಪ್ರಸಾರ ಪ್ರಾರ್ಥನೆಯಿಂದ ಶುರುವಾಗಬೇಕು ಅನ್ನೋದು, ಅದಕ್ಕೆ ನೀವು ಕೈ ಎತ್ತಿ. ಅರ್ಧ ಗಂಟೆ ಹಾಗೇ ಇರುತ್ತೆ."

"ನಾನೊಬ್ಬ ಎತ್ತದಿದ್ರೂ ಮಸೂದೆ ಪಾಸಾಗುತ್ತಲ್ಲ ಸ್ವಾಮಿ."

"ಆಗುತ್ತೆ. ಆದ್ರೆ ಮೂಲೆಯವರೂ ಒಪ್ಪಿದ್ರು ಅಂದ್ರೆ ಚೆನ್ನಾಗಿರುತ್ತೆ." ಮಂತ್ರಿ ನಕ್ಕ. ಮೋಸವೇನೂ ಇಲ್ಲದ, ಒಳ್ಳೆಯ ಗಿರಾಕಿಯನ್ನು ಕಂಡ ಅಂಗಡಿಯವನ ನಗು ಅದು.

ಕಂಡಕ್ಟರ್ ಹೊರಗೆ ಬಂದು, ಬಕೆಟ್ಟು ಪೊರಕೆಗಳಿದ್ದ ಮೆಟ್ಟಿಲ ಕೆಳಗಿನ ಜಾಗದಲ್ಲಿ ನಿಂತು ಅಕ್ಕನಿಗೆ ಫೋನ್ ಹಚ್ಚಿದ. ಆ ಅರ್ಧ ಗಂಟೆ ಅವಳದ್ದು. ಊರಿನ ರೇಡಿಯೋ ಕೇಂದ್ರದಲ್ಲಿ ಅವರ ಭಾಷೆಯ ವಾರ್ತೆ ಓದಲು ಉಳಿದವಳು ಅವಳೊಬ್ಬಳೇ. ಅನುವಾದಕ್ಕೆ ಇಬ್ಬರಿದ್ದರು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ತೀರಿಕೊಂಡರು, ಆ ಕುರ್ಚಿಗಳಿಗೆ ಮತ್ತೆ ಯಾರೂ ಬರಲಿಲ್ಲ. ಈಗ ಸುದ್ದಿ ರಾಜಧಾನಿಯಲ್ಲೇ ಅನುವಾದವಾಗಿ ಬರುತ್ತದೆ. ಬಂದದ್ದರಲ್ಲಿ ಒಂದು ಅಕ್ಷರ ಬದಲಿಸಿದರೂ ಕೆಲಸ ಹೋಗುತ್ತದೆ.

"ಏನಂದ ಮಂತ್ರಿ?"

ಹೇಳಿದ.

"ಅಷ್ಟೇನಾ? ಒಪ್ಕೊಂಡು ಬರೋದಲ್ವೇನೋ?"

"ಅಕ್ಕಾ, ಪ್ರಾರ್ಥನೆ..."

"ದಿನಾ ಬೆಳಗ್ಗೆ ಎದ್ದು ನಾನು ಹೇಳೋ ಪ್ರಾರ್ಥನೆ ಕಣೋ ಅದು. ಅಮ್ಮ ನಿನಗೂ ಹೇಳ್ಕೊಟ್ಟಿದ್ಲು. ನೀನು ನಿದ್ದೆ ಮಾಡ್ತಿದ್ದೆ."

"ನೀನು ಹೇಳ್ತೀಯ. ನಿನ್ನ ಕೇಳೋರೆಲ್ಲ ಹೇಳ್ತಾರಾ? ನಮ್ಮ ಭಾಷೆ ಆಡೋರಲ್ಲಿ ಬೇರೆ ದೇವರಿಗೆ ಕೈ ಮುಗಿಯೋರಿದ್ದಾರೆ, ಕೈ ಮುಗೀದೇ ಇರೋರೂ ಇದ್ದಾರೆ. ವಾರ್ತೆ ಶುರುವಾಗೋ ಮುಂಚೆನೇ ಅವರಿಗೆಲ್ಲ ಇಳೀರಿ ಅಂದಂಗಾಗಲ್ವಾ?"

"ನನ್ನ ಹತ್ರ ಬಸ್ ಭಾಷಣ ಬಿಗೀಬೇಡ. ಐದು ನಿಮಿಷದಲ್ಲಿ ಏನು ಓದ್ಲಿ? ನಮಸ್ಕಾರ ಅನ್ನೋಷ್ಟರಲ್ಲಿ ಮುಗಿಯುತ್ತೆ. ಆಗ ಅವರೂ ಕೇಳಲ್ಲ, ಇವರೂ ಕೇಳಲ್ಲ. ಎಲ್ಲರನ್ನೂ ಒಟ್ಟಿಗೇ ಇಳಿಸಿದಂಗಾಯ್ತಲ್ಲ. ಅದು ಸರೀನಾ?"

ಗೋಡೆಗೊರಗಿಸಿದ ಪೊರಕೆ ಜಾರಿ ಬಿತ್ತು. ಎತ್ತಿ ನಿಲ್ಲಿಸಿದ.

"ಮಾತಾಡ್ಲೇಬೇಕು ಅಂತಿದ್ರೆ ಮಾತಾಡು," ಅಕ್ಕನ ದನಿ ಇಳಿಯಿತು. "ಆ ಪದ ಮಾತ್ರ ಆಡಬೇಡ. ನೀನು ಅಲ್ಲಿ ಆಡೋದು ಒಂದು, ನನ್ನ ಮುಂದೆ ಬಂದು ಬೀಳೋದು ಇನ್ನೊಂದು. ಓದೋಳು ನಾನು."

ಆ ಪದದ ಕತೆ ಇಷ್ಟೇ. ಯಾವ ಧರ್ಮವನ್ನೂ ತನ್ನದೆಂದು ಹೇಳಿಕೊಳ್ಳದ ಸರ್ಕಾರಕ್ಕೆ ರಾಜಧಾನಿಯ ದೊಡ್ಡ ಭಾಷೆಯಲ್ಲಿ ಒಂದು ಪದವಿತ್ತು. ಇವರ ಭಾಷೆ ಬಾರದ ಯಾರೋ ರಾಜಧಾನಿಯಲ್ಲಿ ಕೂತು ಅದನ್ನು "ದೇವರಿಲ್ಲದ" ಎಂದು ಅನುವಾದಿಸಿಬಿಟ್ಟಿದ್ದರು. ಅದೇ ಸರ್ಕಾರಿ ಪದವಾಗಿ ನಿಂತಿತು. ಹಿಂದೊಮ್ಮೆ ಕಂಡಕ್ಟರ್ ಆ ಪದ ಆಡಿ, ಅದು ಹೀಗೆ ಅನುವಾದವಾಗಿ ವಾರ್ತೆಯಲ್ಲಿ ಬಂದಿತ್ತು. ಮರುವಾರ ಊರಿಗೆ ಹೋದಾಗ ಅವನ ಬೀದಿಯ ಕ್ಷೌರಿಕ, ಅವನ ಗೆಳೆಯನೇ, ಗಡ್ಡ ಅರ್ಧ ಕೆರೆದು ಕತ್ತಿ ಎತ್ತಿ ಹಿಡಿದು, "ದೇವರಿಲ್ಲ ಅಂದ್ಯಂತೆ?" ಎಂದು ಕೇಳಿದ್ದ. ಮುಂದಿನ ಚುನಾವಣೆಯಲ್ಲಿ ಕಂಡಕ್ಟರ್ ಗೆದ್ದದ್ದು ಕೂದಲೆಳೆಯಲ್ಲಿ. ಈ ಸಲ ಅದು ಮತ್ತೆ ಬಂದರೆ ಆ ಕೂದಲೂ ಉಳಿಯುವುದಿಲ್ಲ.

ಮಧ್ಯಾಹ್ನ ಅವನ ಸರದಿ ಬರುವ ಹೊತ್ತಿಗೆ ಸದನದಲ್ಲಿ ಅರ್ಧ ಜನ ಊಟ ಮುಗಿಸಿ ಬಂದು ತೂಕಡಿಸುತ್ತಿದ್ದರು. ಇನ್ನರ್ಧ ಬಂದೇ ಇರಲಿಲ್ಲ. ಮೇಲೆ ದುಭಾಷಿಗಳ ಗಾಜಿನ ಗೂಡುಗಳ ಸಾಲಿನಲ್ಲಿ, ಅವನ ಭಾಷೆಗೆಂದು ಮೀಸಲಿಟ್ಟ ಗೂಡಿನೊಳಗೆ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಜೊತೆಗೊಂದು ಏಣಿ. ಕಂಡಕ್ಟರ್ ಪ್ರತಿ ಅಧಿವೇಶನದಲ್ಲೂ ಮೊದಲು ಆ ಏಣಿಯನ್ನು ನೋಡುತ್ತಿದ್ದ. ಒಂದು ದಿನವಾದರೂ ಯಾರಾದರೂ ಬಂದು ಕೊಂಡೊಯ್ದಿರಬಹುದೇ ಎಂದು.

ಎದ್ದು ನಿಂತ. ಎದುರು ಬೆಂಚಿನಿಂದ ಯಾರೋ ಶಿಳ್ಳೆಯ ದನಿಯಲ್ಲಿ "ರೈಟ್, ರೈಟ್!" ಎಂದರು. ನಗು. ಇದು ಹಳೆಯ ಜೋಕು. ತಲೆನೋವೂ ಹಳೆಯದೇ.

"ಅಧ್ಯಕ್ಷರೇ, ಸ್ನೇಹಿತರು ರೈಟ್ ಅಂದಿದ್ದಾರೆ. ಹಿಂದೆ ನೋಡದೆ ರೈಟ್ ಅಂದ್ರೆ ಯಾರ ಕಾಲೋ ಚಕ್ರಕ್ಕೆ ಸಿಗುತ್ತೆ," ಎಂದ. "ನಾನು ಇಪ್ಪತ್ತು ವರ್ಷ ಟಿಕೆಟ್ ಕೊಟ್ಟಿದ್ದೀನಿ. ಎಲ್ಲಿ ಇಳೀತೀರಿ ಅಂತ ಕೇಳಿದ್ದೀನಿ. ಯಾವ ದೇವರು ಅಂತ ಕೇಳಿಲ್ಲ. ಡ್ರೈವರ್ ತನ್ನ ದೇವರನ್ನ ನೆನೆಸ್ಕೊಂಡೇ ಕೀಲಿ ತಿರುಗಿಸ್ತಿದ್ದ. ಅದು ಅವನ ಬಾಯಿ, ಅವನ ದೇವರು. ಆದ್ರೆ ಇದನ್ನ ಹೇಳಿದ್ರೆ ಮಾತ್ರ ಹತ್ತಿ ಅಂತ ಬಾಗಿಲಲ್ಲಿ ಬೋರ್ಡ್ ಹಾಕಿರಲಿಲ್ಲ. ನಮ್ಮ ಅರ್ಧ ಗಂಟೆ ನಮ್ಮ ಹಕ್ಕು. ಹಕ್ಕಿಗೆ ಪ್ರಾರ್ಥನೆ ಟಿಕೆಟ್ಟಾಗಬಾರದು."

ಇನ್ನೂ ಹೇಳಿದ. ಪ್ರವಾಹ ಬಂದಾಗ ಎತ್ತರಕ್ಕೆ ಹೋಗಿ ಎಂದು ತನ್ನ ಜನಕ್ಕೆ ಅರ್ಥವಾಗುವ ಮಾತಲ್ಲಿ ಹೇಳಿದ್ದು ಆ ವಾರ್ತೆ ಒಂದೇ ಎಂದ. ದನಿ ಏರಿಸಲಿಲ್ಲ. ಏರಿಸುವಷ್ಟು ಉಸಿರಿರಲಿಲ್ಲ. ಆ ಪದವನ್ನು ಮಾತ್ರ, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ತಪ್ಪಿಸಿಕೊಂಡು ಹೋಗುವಂತೆ, ಸುತ್ತಿ ಸುತ್ತಿ ದಾಟುತ್ತಿದ್ದ.

ಮಂತ್ರಿ ಅರ್ಧ ಎದ್ದ. ಊರಿನ ಕ್ಷೌರಿಕನ ಕತೆ ಅವನಿಗೂ ಗೊತ್ತಿತ್ತು. "ಮಾನ್ಯ ಸದಸ್ಯರು ಬಸ್ಸಲ್ಲೇ ಸುತ್ತಾಡಿಸ್ತಿದ್ದಾರೆ. ಸರ್ಕಾರ ಹೇಗಿರಬೇಕು ಅಂತೀರಿ? ಒಂದೇ ಪದದಲ್ಲಿ ಹೇಳಿಬಿಡಿ, ದಾಖಲೆಗೆ ಹೋಗ್ಲಿ."

ತೂಕಡಿಸುತ್ತಿದ್ದವರೂ ಕಣ್ಣು ಬಿಟ್ಟರು. ಕಂಡಕ್ಟರ್ ಮೇಲಿನ ಏಣಿಯನ್ನೊಮ್ಮೆ ನೋಡಿದ. ಸಾಕಾಗಿತ್ತು. ಹೇಳದೆ ಕೂತರೆ ಆ ಮೆತ್ತನೆ ಸೋಫಾದಲ್ಲೇ ಕೂತಂತೆ. ದೊಡ್ಡ ಭಾಷೆಯ ಆ ಪದವನ್ನು ಸ್ಪಷ್ಟವಾಗಿ ಹೇಳಿ ಕೂತ.

ಮಸೂದೆ ಪಾಸಾಯಿತು. ವಿರುದ್ಧ ಎದ್ದ ಕೈಗಳನ್ನು ಎಣಿಸಲು ಅಧ್ಯಕ್ಷರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

ಸಂಜೆ ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು. ಡ್ರೈವರ್ ಅವನ ಸೀಮೆಯವನೇ. ದಿನವೂ ಈ ಹೊತ್ತಿಗೆ ಫೋನಿನಲ್ಲಿ ಊರಿನ ಕೇಂದ್ರ ಹಾಕುತ್ತಿದ್ದ.

"ಇವತ್ತು ಬೇಡ," ಎಂದ ಕಂಡಕ್ಟರ್.

"ಕೇಳದಿದ್ರೆ ಬಂದಿಲ್ಲ ಅಂತಾಗುತ್ತಾ ಅಣ್ಣಾ?" ಡ್ರೈವರ್ ಫೋನಿನ ದನಿ ಹೆಚ್ಚಿಸಿದ.

ಅಕ್ಕನ ದನಿ. ಮನೆಯ ಅಕ್ಕನಲ್ಲ, ವಾರ್ತೆಯ ಅಕ್ಕ. ಇಸ್ತ್ರಿ ಹಾಕಿದ ದನಿ. ಅವನು ಮೊದಲ ಸಲ ಗೆದ್ದಾಗ ಅವಳು ಅವನನ್ನು ಸ್ಟುಡಿಯೋಗೆ ಕರೆದೊಯ್ದಿದ್ದಳು. ಗೋಡೆಗೆಲ್ಲ ಬಟ್ಟೆ ಹೊದಿಸಿದ ಸಣ್ಣ ಕೋಣೆ, ತುದಿ ಸವೆದ ಹಸಿರು ಮೇಜು, ಎಡಗೈ ಹತ್ತಿರ ಒಂದು ಗುಂಡಿ. "ಇದು ಕೆಮ್ಮಿನ ಗುಂಡಿ. ಒತ್ತಿ ಹಿಡಿದಷ್ಟು ಹೊತ್ತು ಮೈಕ್ ಸತ್ತಿರುತ್ತೆ. ಕೆಮ್ಮು ಬಂದ್ರೆ ಅಂತ ಇಟ್ಟಿರೋದು. ನಾನು ಒಂದು ಸಲಾನೂ ಒತ್ತಿಲ್ಲ ಕಣೋ. ಓದೋಳು ಕೆಮ್ಮಿದ್ರೆ ಜನ ಸುದ್ದಿಗೇ ಕಾಯಿಲೆ ಅಂದ್ಕೋತಾರೆ," ಎಂದು ಬೀಗಿದ್ದಳು.

ಮಸೂದೆಯ ಸುದ್ದಿ ಬಂತು. ತನ್ನ ಅರ್ಧ ಗಂಟೆ ಹೋದದ್ದನ್ನು ಅಕ್ಕ ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಓದಿದಳು. ಆಮೇಲೆ ತಮ್ಮನ ಸರದಿ.

"ಸರ್ಕಾರವು..."

ಸದ್ದಿಲ್ಲ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು.

"...ಇರಬೇಕು ಎಂದು ಸದಸ್ಯರು ಸಂಸತ್ತಿನಲ್ಲಿ ಆಗ್ರಹಿಸಿದರು."

ಡ್ರೈವರ್ ಫೋನು ಕುಲುಕಿದ. "ನೆಟ್‌ವರ್ಕ್ ಹೋಯ್ತು ಅನ್ಸುತ್ತೆ. ಹಾಳಾದ್ದು, ನಿಮ್ಮ ಸುದ್ದಿಗೇ ಹೋಗ್ಬೇಕಾ?"

ಕಂಡಕ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದ. ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆದು ಬೈದರು.

ಮೊದಲು ಬಂದ ಫೋನು ಕ್ಷೌರಿಕನದ್ದು. "ಏನ್ ಕಂಡಕ್ಟ್ರೇ, ಸರ್ಕಾರ ಹೇಗಿರ್ಬೇಕು ಅಂದ್ಯಪ್ಪ? ಅಲ್ಲೇ ಕಟ್ಟಾಯ್ತು. ಅಂಗಡಿಲಿ ಎಲ್ಲ ಜಗಳ ಆಡ್ತಿದ್ದಾರೆ. ಒಬ್ಬ ನೆಟ್ಟಗಿರ್ಬೇಕು ಅಂದ ಅಂತಾನೆ, ಇನ್ನೊಬ್ಬ ಮುಚ್ಕೊಂಡಿರ್ಬೇಕು ಅಂದ ಅಂತಾನೆ."

"ಭಾನುವಾರ ಬರ್ತೀನಿ, ಕೂತು ಹೇಳ್ತೀನಿ. ಈ ಸಲ ಪೂರ್ತಿ ಗಡ್ಡ ಕೆರೆದಾದ್ಮೇಲೆ ಕೇಳು."

ಅಕ್ಕನಿಗೆ ಅವನೇ ಫೋನ್ ಮಾಡಿದ. ಅವಳು ಎತ್ತಿದಳು. ಹಿನ್ನೆಲೆಯಲ್ಲಿ ಯಾರೋ ಮೇಜುಗಳನ್ನು ಎಳೆಯುತ್ತಿದ್ದ ಸದ್ದು.

"ಏನಾಯ್ತು ಅಕ್ಕಾ?"

"ಏನೂ ಇಲ್ಲ. ಕೆಮ್ಮು ಬಂತು."

"ನಿನಗೆ ಯಾವಾಗಿಂದ ಕೆಮ್ಮು?"

"ನೀನು ಹುಟ್ಟಿದಾಗಿಂದ." ಮೇಜು ಎಳೆಯುವ ಸದ್ದು ನಿಂತಿತು. "ಮೇಲಿನವರು ಕೇಳಿದ್ರು. ಅದೇ ಹೇಳಿದೆ, ಕೆಮ್ಮು ಅಂತ. ಒಂದಕ್ಷರ ಬದಲಿಸಿದ್ರೆ ತಾನೇ ತಪ್ಪು? ಹಾಗಂತ ನಿನ್ನ ಪಕ್ಷ ವಹಿಸಿದೆ ಅಂದ್ಕೋಬೇಡ. ನನ್ನ ಅರ್ಧ ಗಂಟೆ ತಿಂದ್ಬಿಟ್ಟೆ ನೀನು."

"ಗೊತ್ತು."

"ಮುಂದಿನ ತಿಂಗಳಿಂದ ಐದೇ ನಿಮಿಷ. ಏನು ಮಾತಾಡೋದಿದ್ರೂ ಅಷ್ಟರೊಳಗೆ ನೋಡ್ಕೊಂಡು ಮಾತಾಡು," ಎಂದಳು ಅಕ್ಕ. "ಕೆಮ್ಮೋಕ್ಕೂ ಪುರುಸೊತ್ತಿರಲ್ಲ."