ಗೇಟಿನಿಂದಾಚೆ ಮುನ್ನೂರು ಮೀಟರ್

"ನಂಬರ್ ಪ್ಲೇಟ್ ಎಲ್ಲಮ್ಮಾ?"

ಟ್ರಾಫಿಕ್ ಪೊಲೀಸಿನವನು ಬ್ಯಾಟರಿ ಗಾಡಿಗೆ ಒಂದು ಸುತ್ತು ಬಂದು, ಅದೂ ಸಾಲದೆ ಬಗ್ಗಿ ಅಡಿಗೆಲ್ಲ ಇಣುಕಿ, ಮಂಡಿಯ ಧೂಳು ಕೊಡವಿಕೊಳ್ಳುತ್ತ ಕೇಳಿದ.

"ಇದಕ್ಕೆ ಇರಲ್ಲ ಸಾರ್," ಎಂದಳು ಗಾಡಿಯಕ್ಕ. ಅವಳ ಎರಡೂ ಕೈ ಇನ್ನೂ ಸ್ಟಿಯರಿಂಗ್ ಮೇಲೇ ಇದ್ದವು. 

"ಇಂಡಿಕೇಟರ್?"

"ಇಲ್ಲ. ಕೈ ತೋರಿಸ್ದೆ."

"ಕನ್ನಡಿ, ಬೆಲ್ಟು, ಇನ್ಶೂರೆನ್ಸು? ಹೋಗ್ಲಿ, ನಿಮಗೆ ಲೈಸೆನ್ಸಾದ್ರೂ ಇದೆಯಾ?"

"ಸೋಮವಾರ ಟೆಸ್ಟ್ ಇದೆ."

ಪೊಲೀಸಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲಾ, ಕಾಗದದ ಪ್ರಕಾರ ಈ ಗಾಡೀನೂ ಇಲ್ಲ, ನೀವೂ ಇಲ್ಲ. ಮತ್ತೆ ಆ ಮನುಷ್ಯ ಬಂದು ಗುದ್ದಿದ್ದು ಯಾವುದಕ್ಕೆ?"

ಆ ಮನುಷ್ಯ, ಅಂದರೆ ಸ್ಕೂಟರಿನವನು, ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. ಗಾಡಿಯ ಹಿಂದಿನ ಸೀಟಿನಲ್ಲಿದ್ದ ಮುದುಕರಿಗೆ ಇದ್ಯಾವುದೂ ಬೇಕಿರಲಿಲ್ಲ. ತೊಡೆಯ ಮೇಲಿನ ಫೈಲು ತಟ್ಟುತ್ತ, ಹನ್ನೊಂದೂವರೆಗೆ ತಮ್ಮ ಸ್ಕ್ಯಾನಿಂಗ್ ಇದೆ, ತಪ್ಪಿದರೆ ಮತ್ತೆ ಹದಿನೈದು ದಿನ ಎಂದು ಮೂರನೇ ಸಲ ಹೇಳುತ್ತಿದ್ದರು.

ಗಾಡಿಯಕ್ಕ ಅಣ್ಣನಿಗೆ ಫೋನ್ ಮಾಡಿದಳು. ಆಸ್ಪತ್ರೆಯ ವಾಹನಗಳಿಗೆಲ್ಲ ಅವಳ ಅಣ್ಣನೇ ಸೂಪರ್‌ವೈಸರ್. ಐದು ನಿಮಿಷದಲ್ಲಿ ಓಡಿ ಬಂದ. ಸ್ಕೂಟರಿನವನನ್ನು ಆಸ್ಪತ್ರೆಯೊಳಗೆ ಕಳಿಸಿ, ಪೊಲೀಸಿನವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದು ಏನೇನೋ ಹೇಳಿದ. ವಾಪಸು ಬಂದು ಅವಳ ಕಿವಿಯ ಹತ್ತಿರ, "ನೀನೇನೂ ಮಾತಾಡ್ಬೇಡ ಪುಟ್ಟೀ. ನಾನಿದ್ದೀನಲ್ಲ," ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಹತ್ತು ವರ್ಷ ವಾರ್ಡುಗಳ ನೆಲ ಒರೆಸಿದವಳು ಅವಳು. ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಬ್ಯಾಟರಿ ಗಾಡಿ ಬಂದಾಗ, ಗಂಡಸರು ಯಾರೂ ಆ ಆಟದ ಸಾಮಾನು ಓಡಿಸಲು ಒಪ್ಪದೆ ಮೂಗು ಮುರಿದಾಗ, ಅಣ್ಣನೇ ಅವಳನ್ನು ಸೀಟಿನಲ್ಲಿ ಕೂರಿಸಿ ಕಲಿಸಿದ. ಕಾಂಪೌಂಡಿನೊಳಗೆ ಓಡುವ ಗಾಡಿಗೆ ಲೈಸೆನ್ಸ್ ಗೀಸೆನ್ಸ್ ಏನೂ ಬೇಡವೆಂದ. ಒಂದೇ ವಾರದಲ್ಲಿ ಅವಳು ಔಷಧಿ ಅಂಗಡಿಯ ಮುಂದಿನ ಇಕ್ಕಟ್ಟಿನಲ್ಲೂ ರಿವರ್ಸ್ ತೆಗೆಯುವಷ್ಟು ಪಳಗಿದಳು. ಅವಳ ಹೆಸರೇ ಮರೆತುಹೋಗಿ, ಡಾಕ್ಟರಿಂದ ಹಿಡಿದು ಕಸದವರವರೆಗೆ ಎಲ್ಲರ ಬಾಯಲ್ಲೂ ಗಾಡಿಯಕ್ಕ ಆದಳು. ನಲವತ್ತೆರಡರಲ್ಲಿ ಇನ್ನೇನು ಕಲಿಯುವುದು ಎಂದುಕೊಂಡಿದ್ದವಳಿಗೆ ದೊಡ್ಡ ಗಾಡಿಯ ಆಸೆ ಹತ್ತಿದ್ದು ಆಮೇಲೆ. ಕಲಿಕೆಯ ಲೈಸೆನ್ಸ್ ಮಾಡಿಸಿ, ಭಾನುವಾರಗಳಲ್ಲಿ ಕಾರು ಕಲಿತಳು. ಲೈಸೆನ್ಸ್ ಬಂದರೆ ಆಂಬುಲೆನ್ಸಿಗೆ ಹಾಕಿಕೊಳ್ಳುತ್ತೇವೆಂದು ಆಡಳಿತಾಧಿಕಾರಿ ಮಾತು ಕೊಟ್ಟಿದ್ದರು. ಕೇಸು ಬಿದ್ದರೆ ಆ ಲೈಸೆನ್ಸ್ ಕನಸಿನ ಮಾತು. ಮತ್ತೆ ನೆಲ, ಮತ್ತೆ ಬಕೆಟ್ಟು.

ತೊಂದರೆ ಶುರುವಾಗಿದ್ದು ಸ್ಕ್ಯಾನಿಂಗ್ ವಿಭಾಗವನ್ನು ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಹಾಕಿದ ಮೇಲೆ. ಗೇಟಿನಿಂದ ಗೇಟಿಗೆ ಮುನ್ನೂರು ಮೀಟರ್, ನಡುವೆ ಬಸ್ಸು ಲಾರಿ ಓಡುವ ರಸ್ತೆ. ಅಣ್ಣ ದಿನಕ್ಕೆ ಎಂಟು ಸಲ ದಾಟಿಸು ಎಂದ, ದಾಟಿಸಿದಳು. ಗಾಡಿಯ ರಿಜಿಸ್ಟರಿನಲ್ಲಿ ಏನು ಬರೆಯಲಿ ಎಂದು ಕೇಳಿದಾಗ, "ರಸ್ತೆ ಅಂತ ಬರೀಬೇಡ, ನೋಡಿದವರು ಸುಮ್ನೆ ಕ್ಯಾತೆ ತೆಗೀತಾರೆ. ಚಾರ್ಜಿಂಗ್ ಅಂತ ಬರಿ," ಎಂದಿದ್ದ. ಅವಳು ಹೊರಟ ಹೊತ್ತು, ಬಂದ ಹೊತ್ತು ಎಲ್ಲ ನಿಖರವಾಗಿ ಹಾಕಿ, ನಡುವೆ ದುಂಡಗೆ ಚಾರ್ಜಿಂಗ್ ಎಂದು ಬರೆಯುತ್ತ ಬಂದಳು. ಅಣ್ಣ ಹೇಳಿದ ಮೇಲೆ ಮುಗಿಯಿತು.

ಮರುದಿನ ಬೆಳಿಗ್ಗೆ ಅದೇ ರಿಜಿಸ್ಟರ್ ಆಡಳಿತಾಧಿಕಾರಿಯ ಮೇಜಿನ ಮೇಲಿತ್ತು.

"ನಿನ್ನೆ ಹನ್ನೊಂದು ಹತ್ತರಿಂದ ಗಾಡಿ ಚಾರ್ಜಿಂಗ್‌ಗೆ ಹಾಕಿದೆ ಅಂತ ನೀವೇ ಬರೆದಿದ್ದೀರಿ," ಎಂದರು ಅವರು. "ರಸ್ತೆಗೆ ಯಾರು ಕಳಿಸಿದ್ದು?"

ಅವಳು ಕಿಟಕಿಯ ಪಕ್ಕ ನಿಂತಿದ್ದ ಅಣ್ಣನ ಕಡೆ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ನನ್ನ ಗಮನಕ್ಕೆ ಬಂದಿಲ್ಲ ಸಾರ್. ರಿಜಿಸ್ಟರ್ ನೋಡಿ ಚಾರ್ಜಿಂಗ್‌ನಲ್ಲಿದೆ ಅಂದ್ಕೊಂಡೆ."

ಅವಳಿಗೆ ಮೊದಲು ಸಿಟ್ಟು ಬರಲಿಲ್ಲ. ಪಾಪ, ಹೆದರಿದ್ದಾನೆ ಅನ್ನಿಸಿತು. ಎರಡು ಮಕ್ಕಳ ತಂದೆ, ದೊಡ್ಡವರ ಎದುರು ನಾಲಿಗೆ ತೊದಲಿ ಏನೋ ಅಂದುಬಿಟ್ಟ, ಆಮೇಲೆ ಸರಿಮಾಡುತ್ತಾನೆ ಎಂದುಕೊಂಡಳು.

ಅಷ್ಟರಲ್ಲಿ ಅಧಿಕಾರಿ ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. "ಈ ಸುತ್ತೋಲೇನ ಮೂರು ತಿಂಗಳ ಹಿಂದೆ ನಾನೇ ಕಳಿಸಿದ್ದೆ. ಇಂಥ ನಿಧಾನದ ಗಾಡಿ ರಸ್ತೆಗೆ ಇಳೀಬೇಕಾದ್ರೆ ನೋಂದಣಿ ಆಗ್ಬೇಕು, ಇನ್ಶೂರೆನ್ಸ್ ಆಗ್ಬೇಕು, ದೀಪ, ಇಂಡಿಕೇಟರ್, ಕನ್ನಡಿ, ಬೆಲ್ಟ್ ಇರ್ಬೇಕು, ಓಡಿಸೋರಿಗೆ ಲೈಸೆನ್ಸ್ ಇರ್ಬೇಕು. ಅಲ್ಲಿವರೆಗೆ ಗೇಟು ದಾಟಿಸಬಾರದು. ಕೆಳಗೆ 'ಓದಿ ತಿಳಿದುಕೊಂಡಿದ್ದೇನೆ' ಅಂತ ಇದೆ. ಸಹಿ ನಿಮ್ಮದೇ ತಾನೆ?"

ಸಹಿ ಅವಳದೇ. ಪಕ್ಕದಲ್ಲಿ ಒದ್ದೆ ಹೆಬ್ಬೆರಳು ತಾಗಿ ಶಾಯಿ ಹರಡಿದ ಗುರುತೂ ಇತ್ತು. ಸಹಿ ಹಾಕಿದ ಆ ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಮಹಡಿಯಲ್ಲಿ ಅಣ್ಣ ಅತ್ತಿಗೆ, ಕೆಳಗಿನ ಒಂದು ಕೋಣೆಯಲ್ಲಿ ಇವಳು. ಅವನು ಮೆಟ್ಟಿಲಿಳಿದು ಬಂದು, ಹೊಸ ಯೂನಿಫಾರ್ಮಿಗೆ ಪಟ್ಟಿ ಕಳಿಸಬೇಕು, ಇಲ್ಲೊಂದು ಸೈನ್ ಹಾಕು ಎಂದಿದ್ದ. ಅಳತೆಯನ್ನೂ ಕೇಳಿಕೊಂಡು ಹೋಗಿದ್ದ.

 ಹೆದರಿ ಆಡಿದ ಸುಳ್ಳಾಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಇದು ಹಾಗಲ್ಲ. ಮೂರು ತಿಂಗಳ ಮುಂಚೆ, ಏನೂ ಆಗದಿದ್ದಾಗಲೇ, ನಾಳೆ ಏನಾದರೂ ಆದರೆ ಇವಳ ತಲೆಗೆ ಕಟ್ಟೋಣವೆಂದು ಕೂತು ಯೋಚಿಸಿದ್ದಾನೆ. ಯೋಚಿಸಿ, ಅದಾದ ಮೇಲೂ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಹುಷಾರಾಗಿ ಹೋಗಿ ಬಾ ಎಂದು ಕೈ ಬೀಸಿದ್ದಾನೆ.

"ನಂದೇ ಸಾರ್," ಎಂದಳು. 

ಸಂಜೆ ಅಣ್ಣ ಕೆಳಗೆ ಬಂದ. ಬಾಗಿಲಲ್ಲೇ ನಿಂತ.

"ನಾಳೆ ಸ್ಟೇಷನ್‌ಗೆ ಕರೆದಿದ್ದಾರೆ, ಇಬ್ಬರನ್ನೂ. ರಿಜಿಸ್ಟರ್‌ನಲ್ಲಿ ಇರೋದನ್ನೇ ಹೇಳಿಬಿಡು, ಸಾಕು."

"ಚಾರ್ಜಿಂಗ್‌ಗೆ ಹಾಕಿದ್ದ ಗಾಡೀನ ನಾನೇ ಕದ್ದು ಓಡಿಸ್ದೆ ಅಂತಾನಾ?"

"ಕದ್ದು ಗಿದ್ದು ಯಾಕೆ? ರೋಗಿಗೆ ಅರ್ಜೆಂಟ್ ಇತ್ತು, ಮನಸ್ಸು ತಡೀಲಿಲ್ಲ ಅನ್ನು. ನೋಡು, ನೋಂದಣಿ ದೀಪ ಅಂತ ಕೂತಿದ್ರೆ ಮೇಲಿನವರು ಒಂದು ವರ್ಷ ಎಳೀತಿದ್ರು. ಗಾಡಿ ನಿಂತ್ರೆ ನಿನ್ನ ಕೆಲಸಾನೂ ನಿಲ್ತಿತ್ತು. ನಿನಗೋಸ್ಕರಾನೇ ನಾನು ಕಣ್ಣು ಮುಚ್ಕೊಂಡಿದ್ದು. ಈಗ ಇಬ್ಬರೂ ಮುಳುಗೋದಕ್ಕಿಂತ ಒಬ್ಬರು ದಡದಲ್ಲಿದ್ರೆ ಇನ್ನೊಬ್ಬರನ್ನ ಎಳ್ಕೋಬಹುದು."

"ಸರಿ ಅಣ್ಣ, ಗಾಡಿ ಓಡಿಸಿದ್ದು ನನಗೋಸ್ಕರ. ಸೈನ್ ಹಾಕಿಸ್ಕೊಂಡಿದ್ದು ಯಾರಿಗೋಸ್ಕರ?"

ಅವನು ಬಾಗಿಲಿನ ಚಿಲಕವನ್ನು ಹಾಕಿ ತೆಗೆದು ಮಾಡಿದ.

"ಅವತ್ತೇ ಒಂದು ಮಾತು ಹೇಳಿದ್ರೆ," ಎಂದಳು, "ಇಂಥ ಕಾನೂನು ಬಂದಿದೆ, ನಂಗೆ ಭಯ ಆಗ್ತಿದೆ, ನೀನು ತಲೆ ಕೊಡು ಅಂತ ಕೇಳಿದ್ರೆ, ಓದಿಯೇ ಸೈನ್ ಹಾಕ್ತಿದ್ದೆ. ಅಷ್ಟು ಪೆದ್ದಿ ನಾನು."

"ಊಟ ಮಾಡಿದ್ಯಾ?" ಎಂದ ಅವನು.  ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದ.

ಮರುದಿನ ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳಲು ಕೂತವನು ಅದೇ ಟ್ರಾಫಿಕ್ ಪೊಲೀಸಿನವನು. ಅಣ್ಣ ಗೋಡೆ ಬದಿಯ ಬೆಂಚಿನಲ್ಲಿ ಕೂತು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡಿದ್ದ. ಅವಳು ಶುರುವಿನಿಂದ ಹೇಳಿದಳು. ಹೊಸ ಕಟ್ಟಡ, ದಿನಕ್ಕೆ ಎಂಟು ಸಲ, ಚಾರ್ಜಿಂಗ್ ಎಂದು ಬರೆದದ್ದು, ಯೂನಿಫಾರ್ಮಿನ ಪಟ್ಟಿ. ಧ್ವನಿ ಏರಿಸಲಿಲ್ಲ, ಅಳಲೂ ಇಲ್ಲ.

"ಇಷ್ಟೆಲ್ಲ ಹೇಳಿದ್ರೂ ಲೈಸೆನ್ಸ್ ಇಲ್ಲದೆ ಓಡಿಸಿದ ಕೇಸು ನಿಮ್ಮ ಮೇಲೆ ಇದ್ದೇ ಇರುತ್ತೆ," ಎಂದ ಅವನು, ಒಂದಿಷ್ಟು ಬೇಸರದಿಂದಲೇ. "ಸೋಮವಾರದ ಟೆಸ್ಟು ಮರೆತುಬಿಡಿ."

"ಗೊತ್ತು ಸಾರ್. ಬರ್ಕೊಳ್ಳಿ."

"ರಸ್ತೆಗೆ ಇಳಿಸು ಅಂತ ಹೇಳಿದ್ದು?"

"ಅಲ್ಲಿ ಕೂತಿದ್ದಾರಲ್ಲ, ಅವರು."

ಅಣ್ಣ ತಲೆ ಎತ್ತಿದ. ಪೊಲೀಸಿನವನು ಅವನ ಮುಖ, ಇವಳ ಮುಖ ನೋಡಿದ. ಇಬ್ಬರದೂ ಒಂದೇ ಮೂಗು, ಒಂದೇ ಅಗಲ ಹಣೆ.

"ನಿಮಗೇನಾಗ್ಬೇಕು ಅವರು?"

"ಸೂಪರ್‌ವೈಸರ್," ಎಂದಳು.

  ಪೊಲೀಸಿನವನು ಬರೆಯತೊಡಗಿದ, ಪೆನ್ನಿನಿಂದ ಶಾಯಿ ಇಳಿಯಲಿಲ್ಲ. ಮೇಜಿನಂಚಿಗೆ ಎರಡು ಸಲ ಕೊಡವಿ, ಮೂಡದೆ ಉಳಿದಿದ್ದ ಸೂಪರ್‌ವೈಸರ್ ಎಂಬ ಆ ಒಂದು ಪದದ ಮೇಲೆ ಮತ್ತೆ ಅಕ್ಷರ ಅಕ್ಷರವಾಗಿ ತಿದ್ದಿದ.