ಕಿವಿಯೊಳಗಿನ ಇನ್ನೊಬ್ಬ

ಮಧ್ಯಾಹ್ನದ ಬಿಸಿಲು ತನ್ನ ಪ್ರಖರತೆಯನ್ನೆಲ್ಲ ಕಳೆದುಕೊಂಡು, ಇನ್ನು ಸಂಜೆಯಾಗಲೋ ಬೇಡವೋ ಎಂಬ ಅನಿಶ್ಚಯದಲ್ಲಿ, ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಉದ್ದನೆಯ ಮೊಗಸಾಲೆಯಲ್ಲಿ ಹೊಂಬಣ್ಣದ ನೀಳರೇಖೆಗಳಾಗಿ ಮಲಗಿತ್ತು. ಎರಡೂ ಬದಿಯ ಅಭ್ಯಾಸದ ಕೋಣೆಗಳಿಂದ, ಮುಚ್ಚಿದ ಬಾಗಿಲುಗಳ ಸಂದಿನಿಂದ, ಅರೆಹುಟ್ಟಿದ ಹಾಡುಗಳು ಹೊರಗೆ ಸೋರುತ್ತಿದ್ದವು. ಒಂದೆಡೆ ಯಾರೋ ಗಿಟಾರು ಹಿಡಿದು ಒಂದೇ ಸಾಲನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಇನ್ನೊಂದೆಡೆ ಪಲ್ಲವಿ ಸಿಕ್ಕ ಸಂಭ್ರಮಕ್ಕೆ ಯಾರೋ ಮೇಜು ಕುಟ್ಟುತ್ತಿದ್ದರು... ಅಪೂರ್ಣತೆಗೂ ಎಂಥ ಮಾಧುರ್ಯವಿದೆ, ಸಹೃದಯರೇ! ಮುಗಿದ ಹಾಡು ಊರಿನದಾಗಿಬಿಡುತ್ತದೆ. ಮುಗಿಯದ್ದು ಕಟ್ಟಿದವರ ಎದೆಯಲ್ಲೇ ಸುಳಿದಾಡುತ್ತಿರುತ್ತದೆ.

ಮೊಗಸಾಲೆಯ ತುದಿಯಲ್ಲಿ ಧ್ವನಿಮುದ್ರಣದ ಕೋಣೆ. ಅಲ್ಲಿ, ಗಾಜಿನ ಗೋಡೆಯಾಚೆ, ಹೆಡ್‌ಫೋನ್ ಧರಿಸಿ, ಕಣ್ಮುಚ್ಚಿ ನಿಂತಿದ್ದಳು ಅವಳು, ಗೀತರಚನೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಗಾಜಿನೀಚೆ, ಅಧ್ಯಾಪಕಿಯ ಪಕ್ಕದ ಕುರ್ಚಿಯಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕುಳಿತವನು ಅವಳ ಜೊತೆಗಾರ. ಸದಾ ಏನನ್ನಾದರೂ ಗುನುಗುತ್ತಿದ್ದ ಕಾರಣಕ್ಕೆ ವಿಭಾಗವಿಡೀ ಅವನನ್ನು 'ದುಂಬಿ' ಎಂದೇ ಕರೆಯುತ್ತಿತ್ತು. ರಾಗ ಅವನದು, ಪದ ಅವಳದು. ಮೊದಲ ವರ್ಷದಿಂದ ನಡೆದುಬಂದ ರೂಢಿ. ಪ್ರೀತಿ ಯಾವಾಗ ಶುರುವಾಯಿತೆಂದು ಕೇಳಿದರೆ ಮಾತ್ರ ಇಬ್ಬರೂ ಜಗಳಕ್ಕೇ ನಿಲ್ಲುತ್ತಿದ್ದರು.

ಹೊಸ ರಾಗಕ್ಕೆ ಪದ ಹುಟ್ಟುವ ತನಕ ಬಾಯಿಗೆ ಬಂದದ್ದನ್ನು ಹಾಡಿಡುವುದು ಈ ಕಸುಬಿನವರ ಪದ್ಧತಿ. ಅದಕ್ಕೆ ಡಮ್ಮಿ ಸಾಲು ಎನ್ನುತ್ತಾರೆ. ದುಂಬಿ ತನ್ನ ಕೊನೆಯ ರಾಗಕ್ಕೆ, 'ಛತ್ರಿ ಎಲ್ಲಿ ಬಿಟ್ಟೆ ಹುಡುಗಿ, ಒಗೆದ ಅಂಗಿ ಒಣಗಲಿಲ್ಲ' ಎಂದು ಹಾಡಿಟ್ಟಿದ್ದ. ಶುದ್ಧ ತಲೆಹರಟೆ! ಆದರೆ ಆ ಕಂಠ!... ತಿಳಿನೀರಿನ ತಳದಲ್ಲಿ ಹೊಳೆಯುವ ಬಿಸಿಲಿನಂಥ ಆ ಕಂಠದಲ್ಲಿ ಒಣಗದ ಅಂಗಿಯೂ ವಿರಹವೇದನೆಯಾಗಿತ್ತು. ಅದಾದ ಸ್ವಲ್ಪ ದಿನಕ್ಕೆ ಕುತ್ತಿಗೆಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿಯ ನರ ಸೊರಗಿತು. ಈಗ ಅವನ ಮಾತು ತರಗೆಲೆಯನ್ನು ನೆಲಕ್ಕೆ ಉಜ್ಜಿದಂತಿತ್ತು. "ಈಗಲಾದ್ರೂ ಮನೇಲಿ ನನಗೆ ಮಾತಾಡೋಕೆ ಸಂದು ಸಿಕ್ತಲ್ಲ" ಎಂದು ಅವನ ಅಕ್ಕ ನಗುತ್ತಿದ್ದಳು. ನಕ್ಕು, ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಜೋರಾಗಿ ತಿರುಗಿಸಿ ಅಳುತ್ತಿದ್ದಳು.

ಅಂದಿನಿಂದ ಆ ಮುದ್ರಿತ ಕಂಠ ಅವನ ಪ್ರಿಯೆಯ ಬೆನ್ನುಬಿಡಲಿಲ್ಲ. ಸ್ನಾನದ ನೀರಿನ ಸದ್ದಿನಲ್ಲಿ, ಬಸ್ಸಿನ ಕಿಟಕಿಯ ಗಡಗಡದಲ್ಲಿ, ತರಗತಿಯ ನಿಶ್ಶಬ್ದದಲ್ಲಿ ಅದು ಬಂದು ಕರೆಯುತ್ತಿತ್ತು. ದುಂಬಿ ಎದುರಿಗೇ ಕುಳಿತು ಪಿಸುಗುಡುತ್ತಿದ್ದಾಗಲೂ ಅವಳು ಆಲಿಸುತ್ತಿದ್ದುದು ಇನ್ನೊಬ್ಬನನ್ನು! ಅವನ ಮಾತಿನ ನಡುವೆಯೇ ಅವಳ ದೃಷ್ಟಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಅವನು ಅದನ್ನು ನೋಡುತ್ತಿದ್ದ, ನೋಡದವನಂತೆ ಇರುತ್ತಿದ್ದ. ಹಟ ಹಿಡಿದು ಹೇಗೋ ಅವಳು ಆ ರಾಗಕ್ಕೆ ಪದ ಕಟ್ಟಿ ಮುಗಿಸಿದ್ದಳು. ಇಂದು ಪರೀಕ್ಷೆಗಾಗಿ ಅದರ ಧ್ವನಿಮುದ್ರಣ.

ಹಾಡು ಮುಗಿಯಿತು. ಅಧ್ಯಾಪಕಿ ವಾದ್ಯಗಳನ್ನೆಲ್ಲ ನಿಲ್ಲಿಸಿ ಅವಳ ದನಿಯೊಂದನ್ನೇ ಕೇಳಿಸಿದರು. ಆಗ... ಅವಳ ದನಿಯ ಅಡಿಯಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಹಾಡಿದಂತೆ, ಕ್ಷೀಣವಾಗಿ, 'ಛತ್ರಿ ಎಲ್ಲಿ ಬಿಟ್ಟೆ ಹುಡುಗಿ...'

"ಹಳೇ ರೆಕಾರ್ಡಿಂಗನ್ನ ಕಿವಿಗೆ ಇಷ್ಟು ಜೋರಾಗಿ ಇಟ್ಕೊಂಡ್ರೆ ಮೈಕಿಗೆ ಸೋರದೆ ಇರುತ್ತೇನಮ್ಮಾ? ಮೊದಲನೇ ವರ್ಷದ ಮಕ್ಕಳೂ ಈ ತಪ್ಪು ಮಾಡಲ್ಲ" ಎಂದರು ಅಧ್ಯಾಪಕಿ.

ದುಂಬಿ ಎದ್ದು ಹೊರಗೆ ಹೋದ. ತನ್ನ ಕಂಠವೇ ಪ್ರೇತದಂತೆ ಪ್ರಿಯೆಯ ಹಾಡಿನಲ್ಲಿ ಸುಳಿದದ್ದನ್ನು ಕೇಳಿದವನ ಮನಸ್ಥಿತಿಯನ್ನು ಯಾವ ಪದ ಹೇಳೀತು! ಅವಳು ಮೊಗಸಾಲೆಗೆ ಓಡಿಬಂದಳು. ಅವನು ಗೋಡೆಗೊರಗಿ ನಿಂತಿದ್ದ.

"ಒಂದೇ ಮಾತು ಹೇಳು. ನಿನಗೆ ಬೇಕಾಗಿರೋದು ನಾನಾ, ಆ ರೆಕಾರ್ಡಿಂಗಿನಲ್ಲಿರೋ ಅವನಾ?"

'ನೀನೇ' ಎಂದುಬಿಡುವುದು ಎಷ್ಟು ಸುಲಭವಿತ್ತು! ದುಂಬಿಯೂ ಆ ಮಾತಿಗೇ ಕಾದಿದ್ದ. ಅದು ಬಾರದಿದ್ದರೆ ಮೆಟ್ಟಿಲಿಳಿದು ಹೋಗುವುದೆಂದು ನಿಶ್ಚಯಿಸಿಯೂ ಇದ್ದ. ಆದರೆ ಅದು ಸುಳ್ಳಾದೀತೆಂಬ ಭಯ ಅವಳಿಗೆ.

"ಗೊತ್ತಿಲ್ಲ ಕಣೋ" ಎಂದಳು. "ನೀನು ಈಗಿನ ದನೀಲಿ ಹಾಡಿದ್ದನ್ನ ನಾನು ಕೇಳೇ ಇಲ್ಲ. ಒಳಗೆ ಬಾ. ಅದೇ ರಾಗ, ನನ್ನ ಪದ ಇಟ್ಟು ಹಾಡು. ಅದನ್ನೇ ಕಿವಿಗೆ ಹಾಕ್ಕೊಂಡು ನಾನು ಹಾಡ್ತೀನಿ."

"ತಮಾಷೆನಾ? ಹಾಡೋಕೆ ದನಿ ಎಲ್ಲಿದೆ ನನಗೆ?"

"ಇರೋದ್ರಲ್ಲೇ ಹಾಡು."

ಅವನು ಬಹಳ ಹೊತ್ತು ಮೆಟ್ಟಿಲ ಕಡೆಗೇ ನೋಡಿದ. ಆಮೇಲೆ ಮಫ್ಲರ್ ಬಿಚ್ಚಿ ಅವಳ ಕೈಗೆ ಕೊಟ್ಟು ಒಳಗೆ ನಡೆದ.

'ನೀನು ಹೋದ ದಾರಿಯಲ್ಲೇ ನೀನು ಬರುವೆಯಾ...' ಅವಳ ಸಾಲನ್ನು ಅವನು ಮೊದಲ ಬಾರಿಗೆ ಹಾಡಿದ. ಹಾಡೆನ್ನುವುದಕ್ಕಿಂತ ಅದು ಉಸಿರು. ಮೇಲಿನ ಸ್ವರಗಳಲ್ಲಿ ದನಿ ಕೈಕೊಟ್ಟು ಬರೀ ಗಾಳಿ ಉಳಿಯುತ್ತಿತ್ತು, ನಾಚಿಕೆಯಿಂದ ಅವನ ಮುಖ ಕೆಂಪಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಗಾಜಿನೀಚೆ ನಿಂತು ಅವಳು ಕೇಳಿದಳು. ಸುಂದರವಾಗಿತ್ತೆಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಪ್ರತಿ ಸಾಲಿಗೂ ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು, ಆ ಕಷ್ಟ ತನಗಾಗಿಯೇ ಎಂಬುದೂ ತಿಳಿಯುತ್ತಿತ್ತು.

ಆಮೇಲೆ ಅವಳು ಹಾಡಿದಳು, ಆ ಒಡಕು ಉಸಿರಿನ ಬೆರಳು ಹಿಡಿದು. ಹಳೆಯ ಕಂಠವೂ ಬಂತು, ನೆನಪಿನೊಳಗಿಂದ. ದುಂಬಿಯ ಸ್ವರ ತಪ್ಪಿದಲ್ಲೆಲ್ಲ ಆ ಖಾಲಿ ಜಾಗದಲ್ಲಿ ಮೆಲ್ಲನೆ ಬಂದು ಕೂತಿತು. ಅವಳು ಅದನ್ನು ಓಡಿಸಲಿಲ್ಲ, ಅದರ ಹಿಂದೆ ಹೋಗಲೂ ಇಲ್ಲ.

"ಈ ಸಲ ಸರಿಯಾಗಿದೆ" ಎಂದರು ಅಧ್ಯಾಪಕಿ. "ಇವನ ಹಳೇ ರೆಕಾರ್ಡಿಂಗನ್ನ ಅಳಿಸಿಬಿಡಲಾ?"

ಅವಳು ಗಾಜಿನ ಕೋಣೆಯಿಂದ ಹೊರಬಂದು ತಲೆತಗ್ಗಿಸಿದಳು. "ಅಳಿಸಿ ಮೇಡಂ" ಎಂದಳು, ಕೇಳಿಸದಷ್ಟು ಮೆಲ್ಲಗೆ.

"ಬೇಡ ಮೇಡಂ, ಇರಲಿ" ಎಂದ ದುಂಬಿ, ತನ್ನ ತರಗೆಲೆಯ ದನಿಯಲ್ಲಿ. "ನನಗೂ ಅವನ ನೆನಪಾಗುತ್ತೆ."

ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದ ದುಃಖದ ನಿಜವಾದ ವಾರಸುದಾರ ಎದುರಿಗೇ ಕುಳಿತಿದ್ದ! ಅವಳು ಅವನ ಪಕ್ಕ ಕುಸಿದು ಕೂತು ಮನಸಾರೆ ಅತ್ತಳು, ಅವನೂ ಅತ್ತ. ಅಧ್ಯಾಪಕಿ ಎದ್ದು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಪ್ರೀತಿಸಿದವರನ್ನು ಕಳೆದುಕೊಳ್ಳಲು ಮೃತ್ಯುವೇ ಬರಬೇಕೆಂದಿಲ್ಲ, ಸಹೃದಯರೇ. ಅವರು ಪಕ್ಕದಲ್ಲೇ ಕುಳಿತಿದ್ದಂತೆ ಅವರ ಒಂದಂಶ ಸದ್ದಿಲ್ಲದೆ ಹೊರಟುಹೋಗಿರುತ್ತದೆ... ಅದಕ್ಕಾಗಿ ಹಂಬಲಿಸುವುದು ದ್ರೋಹವಲ್ಲ. ಒಬ್ಬರಿಗೊಬ್ಬರು ಮುಚ್ಚಿಟ್ಟು ಹಂಬಲಿಸುವುದೇ ದುಃಖ. ಇಬ್ಬರೂ ಕೂಡಿ ಅತ್ತ ಮೇಲೆ, ಉಳಿದಿರುವುದು ಎಷ್ಟೊಂದು ಎಂಬುದು ಕಣ್ಣಿಗೆ ಕಾಣತೊಡಗುತ್ತದೆ.